ಏಳರ ಕೆಳಗೆ ಯಾರೂ ಇಲ್ಲ

ಜನವರಿ 8

ಗುಬ್ಬಿಗೆ,

ದೊಡ್ಡಪ್ಪನ ಆಶೀರ್ವಾದ. ನನ್ನ ರೇಡಿಯೊ ರಿಸೀವರ್ ತೀರಿಕೊಂಡಿತು. ಸಹಜ ಸಾವಲ್ಲ, ಕೊಲೆ. ಕೊಲೆಗಾರ ಇಲ್ಲಿಂದ ನಾಲ್ಕು ಕಿಲೋಮೀಟರ್ ಆಚೆ ರಾಜಾರೋಷವಾಗಿ ನಿಂತಿದ್ದಾನೆ. ಎತ್ತರ ನೂರು ಮೀಟರ್, ನೆತ್ತಿಯ ಮೇಲೆ ಕೆಂಪು ದೀಪ. ಹೊಸ ಬಾನುಲಿ ಕೇಂದ್ರದ ಗೋಪುರ.

ನಾನಿರುವ ಜಾಗ ನಿನಗೆ ನೆನಪಿರಬಹುದು. ಊರಿಗೆ ನೀರು ಸೋಸಿ ಕೊಡುವ ಘಟಕ, ಮರಳು ತುಂಬಿದ ಎಂಟು ತೊಟ್ಟಿ, ತೊಟ್ಟಿಗಳ ಸುತ್ತ ಕಾಂಪೌಂಡು, ಮೂಲೆಯಲ್ಲಿ ನನ್ನ ಕ್ವಾರ್ಟರ್ಸು. ಕಾಂಪೌಂಡಿನ ಕಂಬಗಳ ಮೇಲೆ ಇನ್ನೂರೈವತ್ತು ಮೀಟರ್ ಉದ್ದಕ್ಕೆ ನನ್ನ ಆಂಟೆನಾ ಓಡುತ್ತದೆ. ಹವ್ಯಾಸಿ ರೇಡಿಯೊದವರಲ್ಲಿ ಇಷ್ಟು ಉದ್ದದ ತಂತಿ ಇನ್ನೊಬ್ಬನ ಹತ್ತಿರ ಇಲ್ಲ ಎಂದು ಇಷ್ಟು ವರ್ಷ ಮೆರೆದೆ. ಉದ್ದ ತಂತಿಗೆ ದೂರದ ಪಿಸುಮಾತು ಹಿಡಿಯಲು ಬರುತ್ತದೆ, ಹತ್ತಿರದ ಕಿರುಚಾಟ ಹಿಡಿಯಲೂ ಬರುತ್ತದೆ. ಯಾವುದನ್ನು ಬಿಡಬೇಕು ಎಂಬುದು ಮಾತ್ರ ಬರುವುದಿಲ್ಲ. ಕೇಂದ್ರ ಶುರುವಾದ ದಿನ ಡಯಲ್ಲಿನ ಯಾವ ಮೂಲೆಗೆ ಹೋದರೂ ಒಬ್ಬಳೇ ಹೆಂಗಸು ಹವಾಮಾನ ಓದುತ್ತಿದ್ದಳು. ಮರುದಿನ ರಿಸೀವರಿನ ಮೊದಲ ಟ್ರಾನ್ಸಿಸ್ಟರ್ ಸುಟ್ಟು ಕರಕಲು.

ತಂತಿ ಉದ್ದ, ಯಜಮಾನ ಪೆದ್ದ. ಅಬ್ಬರ ಬಂತು, ರಿಸೀವರ್ ಬಿದ್ದ.

ಟ್ರಾನ್ಸಿಸ್ಟರ್ ಬದಲಾಯಿಸಿಕೊಂಡೆ. ಆದರೆ ತಂತಿಗೂ ರಿಸೀವರಿಗೂ ನಡುವೆ ಒಂದು ಫಿಲ್ಟರ್ ಇಲ್ಲದಿದ್ದರೆ ಅದೂ ಸುಡುತ್ತದೆ. ಬಾನುಲಿ ಕೇಂದ್ರವನ್ನು ಬಾಗಿಲಲ್ಲೇ ನಿಲ್ಲಿಸಿ ಉಳಿದವರನ್ನು ಒಳಗೆ ಬಿಡುವಂಥದ್ದು ಬೇಕು. ಇಡೀ ಊರಿನ ನೀರು ಸೋಸುವವನಿಗೆ ತನ್ನ ಕಿವಿಗೆ ಬೀಳುವುದನ್ನು ಸೋಸಿಕೊಳ್ಳಲು ಬರುವುದಿಲ್ಲ. ಕಣ್ಣಿಗೆ ಪೊರೆ, ಕೈಗೆ ನಡುಕ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಎಂಟು ವರ್ಷ ತಂತಿ ಸುತ್ತಿದವಳು ನೀನು. ಒಂದು ಸುತ್ತಿಕೊಡು.

ಮನೆಯಲ್ಲಿ ಎಲ್ಲರಿಗೂ ಆಶೀರ್ವಾದ. ಎಲ್ಲರಿಗೂ ಎಂದರೆ ನಿನಗೆ, ನಿನ್ನ ಅಮ್ಮನಿಗೆ.

ನಿನ್ನ ದೊಡ್ಡಪ್ಪ


ಜನವರಿ 19

ದೊಡ್ಡಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ಅಂಗಡಿಯಲ್ಲೇ ಓದಿದೆ. ಮೇಸ್ತ್ರಿ ಕನ್ನಡಕದ ಮೇಲಿಂದ ನೋಡಿ, “ಹತ್ತು ಕುದುರೆಶಕ್ತಿ ಮೋಟರ್ ಬಾಗಿಲಲ್ಲಿ ಬಿದ್ದಿದೆ, ನೀನು ಬೆರಳುದ್ದದ್ದು ಸುತ್ತಕ್ಕೆ ಹೊರಟಿದ್ದೀಯ” ಎಂದರು. ಆಮೇಲೆ ಅವರೇ ಡ್ರಾಯರಿನಿಂದ ಕೂದಲಿನಂಥ ತಂತಿಯ ಉಂಡೆ ಹುಡುಕಿ ಕೊಟ್ಟರು.

ಶುರು ಮಾಡುವ ಮುಂಚೆ ಒಂದು ವಿಷಯ ತಿಳಿಯಬೇಕು. ಬಾನುಲಿ ಕೇಂದ್ರಗಳ ಸಾಲು 1.6 ಮೆಗಾಹರ್ಟ್ಸಿಗೆ ಮುಗಿಯುತ್ತದೆ. ಅಲ್ಲಿಂದ ಮೇಲಿನದೆಲ್ಲ ಬೇಕು ಎಂದರೆ ಜರಡಿಯ ಅಂಚು ಗೋಡೆಯ ಹಾಗೆ ಕಡಿದಾಗಿರಬೇಕು. ಅದಕ್ಕೆ ಆರು ಸುರುಳಿ, ಒಂದೊಂದನ್ನೂ ಅಳೆದು ಹೊಂದಿಸಬೇಕು, ಎರಡು ವಾರ ಹಿಡಿಯುತ್ತದೆ. ಏಳರಿಂದ ಮೇಲಿನದು ಸಾಕು ಎಂದರೆ ಮೂರೇ ಸುರುಳಿ, ಒಂದು ಭಾನುವಾರದ ಕೆಲಸ. ಆದರೆ ಆಗ ಎರಡರ ಆಸುಪಾಸಿನಲ್ಲಿ ಯಾರು ಎಷ್ಟು ಕೂಗಿದರೂ ನಿಮಗೆ ಕೇಳಿಸುವುದಿಲ್ಲ.

ಇದನ್ನು ಯಾಕೆ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ ಎಂದು ನಿಮಗೆ ಗೊತ್ತು. ದಿನಾ ಬೆಳಗ್ಗೆ ಐದೂವರೆಗೆ 1.8ರಲ್ಲಿ ಅಪ್ಪ ಗೆರೆ-ಚುಕ್ಕೆಯ ಮೋರ್ಸ್ ಕೀಲಿ ಒತ್ತಿ ನಿಮ್ಮನ್ನು ಕರೆಯುತ್ತಾರೆ. ಒಂಬತ್ತು ವರ್ಷದಿಂದ. ಬಸ್ ಡಿಪೊದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಾಗಲೂ ಅಷ್ಟೆ, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡ ಮೇಲೂ ಅಷ್ಟೆ. ಕರೆಯುತ್ತಾರೆ, ಹತ್ತು ನಿಮಿಷ ಕಾಯುತ್ತಾರೆ, ಲಾಗ್ ಪುಸ್ತಕದಲ್ಲಿ “ಉತ್ತರವಿಲ್ಲ” ಎಂದು ಬರೆಯುತ್ತಾರೆ, ಆಮೇಲೆ ಹಲ್ಲುಜ್ಜುತ್ತಾರೆ. ಅವರೇ ಕಟ್ಟಿಕೊಂಡ ಸೆಟ್ಟು, 1.8 ಬಿಟ್ಟು ಬೇರೆ ಕಡೆ ಅದಕ್ಕೆ ಬಾಯಿಯೇ ಇಲ್ಲ.

ಕೆಳಗೆ ಎಲ್ಲಿಯವರೆಗೆ ಬೇಕು, ಬರೆಯಿರಿ. ಬರೆದಷ್ಟು ಸುತ್ತುತ್ತೇನೆ.

ಗುಬ್ಬಿ


ಜನವರಿ 27

ಗುಬ್ಬಿಗೆ,

ಏಳರಿಂದ ಮೇಲೆ ಸಾಕು. ಏಳರ ಕೆಳಗೆ ನನಗೆ ಬೇಕಾದವರು ಯಾರೂ ಇಲ್ಲ.

ಒಂಬತ್ತು ವರ್ಷದ ಹಿಂದೆ ನೀನು ಹಾಸ್ಟೆಲಿನಲ್ಲಿದ್ದೆ, ನಿನಗೆ ಅರ್ಧ ಕಥೆ ಗೊತ್ತು. ಉಳಿದರ್ಧ ನಾನು ಹೇಳುತ್ತೇನೆ. ನಮ್ಮ ತಾಯಿ ಇಪ್ಪತ್ತಾರು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಆ ಇಪ್ಪತ್ತಾರು ದಿನವೂ ನಿನ್ನ ಅಪ್ಪ ಬೆಳಗ್ಗೆ ಇದೇ 1.8ರಲ್ಲಿ ನನ್ನ ಜೊತೆ ಹರಟಿದ. ಮೋಡದ ಸುದ್ದಿ ಹೇಳಿದ, ಡಿಪೊದಲ್ಲಿ ಯಾರೋ ಬ್ಯಾಟರಿಯನ್ನು ತಲೆಕೆಳಗಾಗಿ ಕೂರಿಸಿದ ಸುದ್ದಿ ಹೇಳಿದ, ನಗಿಸಿದ. ಇದೊಂದನ್ನು ಹೇಳಲಿಲ್ಲ. ನಾನು ಬಂದು ಮುಟ್ಟಿದಾಗ ಅವಳ ಹಾಸಿಗೆ ಸುತ್ತಿಟ್ಟಿದ್ದರು. “ಅಣ್ಣನಿಗೆ ತೊಂದರೆ ಕೊಡಬೇಡ ಅಂತ ಅಮ್ಮ ಮಾತು ತಗೊಂಡಿದ್ಲು” ಎಂದ ಅವನು. ಮಾತು ಉಳಿಸಿಕೊಂಡ. ಒಳ್ಳೆಯದು. ನಾನೂ ನನ್ನ ಮಾತು ನನ್ನಲ್ಲೇ ಉಳಿಸಿಕೊಂಡೆ.

ಅಂಥವನಿಂದ ಮೋಡದ ಸುದ್ದಿ ಕೇಳುವ ಹಂಬಲ ನನಗಿಲ್ಲ. ಅದಕ್ಕೆ ಬಾನುಲಿಯ ಹೆಂಗಸು ಇದ್ದಾಳೆ.

ಸುತ್ತುವುದು ಹೇಗೆ ಎಂದು ನಾನು ಹೇಳಬೇಕಾಗಿಲ್ಲ. ನೀನು ಕೆಲಸ ಕದಿಯುವವಳಲ್ಲ ಎಂದು ಬಲ್ಲೆ.

ನಿನ್ನ ದೊಡ್ಡಪ್ಪ


ಫೆಬ್ರುವರಿ 10

ದೊಡ್ಡಪ್ಪನಿಗೆ,

ಫಿಲ್ಟರ್ ಪಾರ್ಸೆಲಿನಲ್ಲಿ ಹೊರಟಿದೆ. ಟೀಪುಡಿಯ ಡಬ್ಬಿ. ಒಳಗೆ ಮೇಣ ತುಂಬಿಸಿ ಮುಚ್ಚಳಕ್ಕೆ ಸುತ್ತಲೂ ಬೆಸುಗೆ ಹಾಕಿದ್ದೇನೆ. ಬಿಚ್ಚುವ ಅಗತ್ಯವಿಲ್ಲ. ಕೆಂಪು ಗುರುತಿನ ಕಡೆಗೆ ಆಂಟೆನಾ, ಇನ್ನೊಂದು ಕಡೆಗೆ ರಿಸೀವರ್. ನಿಮ್ಮ ಟ್ರಾನ್ಸ್‌ಮಿಟರಿಗೆ ಬೇರೆ ಆಂಟೆನಾ ಇರುವುದರಿಂದ ಅದರ ತಂಟೆಗೆ ಇದು ಹೋಗುವುದಿಲ್ಲ. ಸಿಡಿಲಿಗೆ ಇದು ಅಡ್ಡ ಬರುವುದಿಲ್ಲ, ಗುಡುಗು ಕೇಳಿಸಿದರೆ ತಂತಿ ಕಳಚಿ ನೆಲಕ್ಕೆ ಜೋಡಿಸಿ.

ಅಳೆದು ನೋಡಿಯೇ ಕಳಿಸಿದ್ದೇನೆ.

ಅಪ್ಪನ ಸೆಟ್ಟನ್ನು ಮಹಡಿಯಿಂದ ಕೆಳಗೆ ತಂದು ಮಂಚದ ಪಕ್ಕ ಇಟ್ಟಿದ್ದೇವೆ.

ಗುಬ್ಬಿ


ಫೆಬ್ರುವರಿ 22

ಗುಬ್ಬಿಗೆ,

ಡಬ್ಬಿ ತಲುಪಿತು, ಅಬ್ಬರ ಅಡಗಿತು. ಹವಾಮಾನದ ಹೆಂಗಸನ್ನು ಅಷ್ಟು ಮರ್ಯಾದೆಯಾಗಿ ಹೊರಗೆ ಕಳಿಸಿದ್ದೀಯ ಎಂದರೆ ಆಕೆಗೆ ಬೇಸರವೂ ಆಗಿರಲಿಕ್ಕಿಲ್ಲ. ನಿನ್ನೆ ಹದಿನಾಲ್ಕರಲ್ಲಿ ಸಮುದ್ರದಾಚೆಯ ಒಬ್ಬ ಹಲ್ಲಿನ ಡಾಕ್ಟರ್ ಸಿಕ್ಕಿದ. ಅವನ ಊರಿನಲ್ಲಿ ಹಿಮ, ನನ್ನ ಊರಿನಲ್ಲಿ ಸೆಕೆ. ಅವನಿಗೆ ಕೋಟಿನ ಚಿಂತೆ, ನನಗೆ ಬನಿಯನ್ನಿನ ಚಿಂತೆ.

ಸದ್ದು ಎಷ್ಟು ಕಡಿಮೆಯಾಗಿದೆ ಎಂದರೆ, ಕೆಲವು ಕಡೆ ಬೇಕಾದ್ದಕ್ಕಿಂತ ಕಡಿಮೆಯಾಗಿದೆ. ಬೆಳಗಿನ ಜಾವ ತೊಟ್ಟಿಯ ಮಟ್ಟ ನೋಡಲು ಏಳುತ್ತೇನಲ್ಲ, ಆಗ ಹೊತ್ತು ಹೋಗಲಿ ಎಂದು ಸುಮ್ಮನೆ ಡಯಲ್ ತಿರುಗಿಸುವ ಚಾಳಿ. ಮೇಲೂ ಕೆಳಗೂ. ಕೆಳಗಂತೂ ಹಂಚಿನ ಮೇಲೆ ಇರುವೆ ನಡೆದಷ್ಟೂ ಸದ್ದಿಲ್ಲ.

ಒಳಗೆ ಸುರುಳಿ ಎಷ್ಟಿದೆ ಎಂದು ಡಬ್ಬಿ ಅಲ್ಲಾಡಿಸಿ ನೋಡಿದೆ. ಮೇಣ ತುಂಬಿದವಳ ಡಬ್ಬಿ, ಬಾಯಿ ಬಿಡಲಿಲ್ಲ. ನಾನು ಕೇಳುವುದೂ ಇಲ್ಲ.

ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ? ಎಲ್ಲರೂ ಎಂದರೆ, ಎಲ್ಲರೂ.

ನಿನ್ನ ದೊಡ್ಡಪ್ಪ


ಮಾರ್ಚ್ 8
(ಕಳಿಸಲಿಲ್ಲ)

ದೊಡ್ಡಪ್ಪ,

ಅಪ್ಪನಿಗೆ ಲಿವರಿನಲ್ಲಿ ಗಡ್ಡೆ. ಡಿಸೆಂಬರಿನಲ್ಲೇ ಗೊತ್ತಾಯಿತು. ಡಾಕ್ಟರು ಅಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನನ್ನೊಬ್ಬಳಿಗೇ ಹೇಳಿದರು, ಬೇಸಿಗೆ ದಾಟುವುದು ಕಷ್ಟ ಎಂದು. ನಾನು ಮುಖ ತೊಳೆದುಕೊಂಡು ಹೊರಗೆ ಬಂದೆ. ತೊಳೆದ ಮುಖ ನೋಡಿಯೇ ಅಪ್ಪ ಅಮ್ಮ ಇಬ್ಬರೂ ತಿಳಿದುಕೊಂಡರು.

ಬಸ್ಸಿನಲ್ಲಿ ಅಪ್ಪ ಆಡಿದ ಮೊದಲ ಮಾತು ನಿಮ್ಮ ಬಗ್ಗೆ. “ಅಣ್ಣನಿಗೆ ಬರೀಬೇಡ. ಅಯ್ಯೋ ಪಾಪ ಅಂತ ಬರೋದು ನನಗೆ ಬೇಡ. ಬರೋದಾದ್ರೆ ನಾನು ಕರೆದದ್ದಕ್ಕೆ ಬರಲಿ.” ನಾನು ಆಗಲಿ ಎಂದೆ. ಆ ಮನುಷ್ಯ ಬೇರೆ ಏನೂ ಕೇಳಲಿಲ್ಲ ದೊಡ್ಡಪ್ಪ. ಇದೊಂದನ್ನೇ ಕೇಳಿದ್ದು.

ಈಗ ಎದ್ದು ಕೂರಲು ಎರಡು ದಿಂಬು ಬೇಕು. ಐದೂವರೆಗೆ ಮಾತ್ರ ಯಾರೂ ಎಬ್ಬಿಸಬೇಕಾಗಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೀಲಿ ಒತ್ತುತ್ತಾರೆ. “ಅಣ್ಣ ಕೇಳ್ತಾ ಇರ್ತಾನೆ. ಕೇಳೋನು ಉತ್ತರ ಕೊಡಲೇಬೇಕು ಅಂತ ಏನಿದೆ” ಎನ್ನುತ್ತಾರೆ. ನಾನು ಅಡುಗೆಮನೆಗೆ ಹೋಗಿಬಿಡುತ್ತೇನೆ. ಏಳರ ಕೆಳಗೆ ಯಾರೂ ಇಲ್ಲ ಎಂಬ ನಿಮ್ಮ ಕಾಗದ ನನ್ನ ಕೈಚೀಲದಲ್ಲಿದೆ.

ಒಮ್ಮೆ ಬನ್ನಿ. ಬೇಗ ಬನ್ನಿ.

ಗುಬ್ಬಿ


ಮಾರ್ಚ್ 9

ದೊಡ್ಡಪ್ಪನಿಗೆ,

ಫಿಲ್ಟರ್ ಚೆನ್ನಾಗಿದೆ ಎಂದು ತಿಳಿದು ಸಂತೋಷ. ಮೇಸ್ತ್ರಿಗೂ ಹೇಳಿದೆ.

ಇಲ್ಲಿ ಎಲ್ಲರೂ ಕ್ಷೇಮ. ನೀವು ಬಂದು ಬಹಳ ದಿನವಾಯಿತು ಎಂದು ಅಮ್ಮ ಹೇಳುತ್ತಿರುತ್ತಾಳೆ. ರಜೆ ಸಿಕ್ಕಿದರೆ ಬಂದು ಹೋಗಿ. ಬೇಸಿಗೆ ಏರುವ ಮುಂಚೆಯೇ ಬಂದರೆ ಒಳ್ಳೆಯದು, ಆಮೇಲೆ ಬಸ್ಸಿನಲ್ಲಿ ಸೆಕೆ.

ಗುಬ್ಬಿ


ಏಪ್ರಿಲ್ 10

ಗುಬ್ಬಿಗೆ,

ಎಲ್ಲರೂ ಕ್ಷೇಮ ಎಂದು ಬರೆದಿದ್ದೀಯ. ಕ್ಷೇಮವಾಗಿರುವವರು ಮಾತಾಡದೆ ಇದ್ದರೆ ಮಾತಾಡಲು ಇಷ್ಟವಿಲ್ಲ ಎಂದೇ ಅರ್ಥ. ಯಾರಿಗಾದರೂ ಒಂದು ದಿನ ಸಾಕಾಗುತ್ತದೆ. ತಪ್ಪೇನಿಲ್ಲ.

ನಾನು ಬರಲಾಗುವುದಿಲ್ಲ. ಮಳೆಗಾಲದ ಮುಂಚೆ ಎಂಟೂ ತೊಟ್ಟಿಯ ಮರಳು ತೆಗೆದು ತೊಳೆಯಬೇಕು. ನೀನು ಕೆಲಸದವಳು, ನಿನಗೂ ಪುರುಸೊತ್ತಿಲ್ಲ. ಕಾಗದ ಬರೆಯದಿದ್ದರೂ ನಡೆಯುತ್ತದೆ.

ದೊಡ್ಡಪ್ಪ


ಮೇ 29

ದೊಡ್ಡಪ್ಪನಿಗೆ,

ಅಪ್ಪ ಹೋಗಿ ಇವತ್ತಿಗೆ ಹನ್ನೆರಡು ದಿನ.

ಟೆಲಿಗ್ರಾಂ ಸಿಕ್ಕಿದ ಮರುದಿನವೇ ನೀವು ಬಂದಿರಿ. ಆ ಹೊತ್ತಿಗೆ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ನಿಂತಿರಿ, ಶೂ ಬಿಚ್ಚಲಿಲ್ಲ. ಅಮ್ಮ ಕುರ್ಚಿ ಎಳೆದು ಕೊಟ್ಟರೆ ಅದರ ಬೆನ್ನು ಹಿಡಿದು ನಿಂತಿರಿ. ಸುತ್ತಿಟ್ಟ ಹಾಸಿಗೆ ನೋಡಿದಿರಿ, ಮೇಜಿನ ಮೇಲಿದ್ದ ಔಷಧದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಅದರ ಮೇಲಿನ ತಾರೀಕು ಓದಿದಿರಿ. “ಡಿಸೆಂಬರ್” ಎಂದಿರಿ. ಆಮೇಲೆ ನನ್ನ ಕಡೆ ತಿರುಗಿ, “ಈ ಮನೇಲಿ ಇದು ಎರಡನೇ ಸಲ” ಎಂದಿರಿ. ಅಷ್ಟೇ ಮಾತು. ನಿಮಗೆ ಮಾಡಿದ ಚಹಾ ನಿಮಗಿಂತ ಹೆಚ್ಚು ಹೊತ್ತು ಆ ಕೋಣೆಯಲ್ಲಿತ್ತು.

ಹೌದು, ಮುಚ್ಚಿಟ್ಟೆವು. ಅಪ್ಪ ಮಾತು ತೆಗೆದುಕೊಂಡಿದ್ದರು. ಮಾರ್ಚಿನಲ್ಲಿ ಬರೆದು ಅಂಚೆ ಡಬ್ಬದವರೆಗೆ ಹೋಗಿ ವಾಪಸ್ಸು ತಂದ ಕಾಗದ ಇದರ ಜೊತೆ ಇಟ್ಟಿದ್ದೇನೆ, ಓದಿ. ನಾನು ಮಾಡಿದ್ದು ಸರಿ ಎನ್ನಲು ಕಳಿಸುತ್ತಿಲ್ಲ. ಅಮ್ಮ ದಿನಕ್ಕೆ ನಾಲ್ಕು ಸಲ, “ಅವರಿಗೆ ಹೇಳಬೇಕಿತ್ತು ಕಣೇ” ಎನ್ನುತ್ತಾಳೆ. ಹೇಳಬೇಕಿತ್ತು.

ಆದರೆ ಎರಡನೇ ಸಲ ಎನ್ನುವ ಹಕ್ಕು ನಿಮಗೆ ಯಾರು ಕೊಟ್ಟರು? ನಾವು ಹೇಳದೆ ಮುಚ್ಚಿಟ್ಟವರು, ಸರಿ. ನೀವು ಕರೆದರೆ ಕೇಳಲೊಲ್ಲದವರು. ಮೇ 14ರವರೆಗೂ ಅಪ್ಪ ಕರೆದರು. ಆ ದಿನ ಕೀಲಿಯ ಮೇಲೆ ಬೆರಳು ನಿಲ್ಲದೆ ಜಾರುತ್ತಿತ್ತು. ಲಾಗ್ ಪುಸ್ತಕವನ್ನು ನಾನು ಇನ್ನೂ ತೆರೆದಿಲ್ಲ. ಅದರಲ್ಲಿ ಒಂಬತ್ತು ವರ್ಷದ “ಉತ್ತರವಿಲ್ಲ” ಇದೆ ಎಂದು ಗೊತ್ತಿದ್ದ ಮೇಲೆ ತೆರೆಯುವುದೇನು.

ಗುಬ್ಬಿ


ಜೂನ್ 11

ಗುಬ್ಬಿಗೆ,

ಕೇಳುತ್ತಿದ್ದೆ.

ಒಂಬತ್ತು ವರ್ಷ, ದಿನಾ ಬೆಳಗ್ಗೆ ಐದೂವರೆಗೆ, ಆ ಗೋಪುರ ಬರುವವರೆಗೆ ಒಂದು ದಿನ ತಪ್ಪದೆ. ನಾನಿದ್ದದ್ದೇ ಅದಕ್ಕೆ ಎನ್ನುವ ಹಾಗೆ. ಅವನ ಕೈ ನನಗೆ ಗೊತ್ತು. ಗೆರೆಯನ್ನು ಎಳೆಯುತ್ತಾನೆ, ಚುಕ್ಕೆಯನ್ನು ನುಂಗುತ್ತಾನೆ. ನಾನೇ ಕಲಿಸಿದ್ದು, ಊಟದ ತಟ್ಟೆಯ ಅಂಚಿಗೆ ಚಮಚ ಬಡಿದು. ನೆಗಡಿಯಾದರೆ ಕೀಲಿಯಲ್ಲೇ ಗೊತ್ತಾಗುತ್ತಿತ್ತು. ನೀನು ಕೆಲಸಕ್ಕೆ ಸೇರಿದ ದಿನ ಗೊತ್ತಾಗಿತ್ತು, ಅಷ್ಟು ಚುರುಕಾಗಿ ಒತ್ತಿದ. ಉದ್ದ ತಂತಿ ಹಾಕಿಕೊಂಡದ್ದು ಸಮುದ್ರದಾಚೆಯ ಹಲ್ಲಿನ ಡಾಕ್ಟರಿಗೋಸ್ಕರ ಅಲ್ಲ. ಅವನ ಸೆಟ್ಟಿಗೆ ಶಕ್ತಿ ಸಾಲದು, ಸಣ್ಣ ತಂತಿಗೆ ಅವನು ಸಿಕ್ಕುವುದಿಲ್ಲ.

ಉತ್ತರ ಕೊಡಲಿಲ್ಲ. ಮೊದಲ ವರ್ಷ ಸಿಟ್ಟಿಗೆ. ಆಮೇಲೆ ಅಭ್ಯಾಸಕ್ಕೆ. ಕೊನೆಕೊನೆಗೆ ನಾಚಿಕೆಗೆ. ಇಷ್ಟು ವರ್ಷ ಬಾಯಿ ಮುಚ್ಚಿದ್ದವನು ಯಾವ ಮಾತಿನಿಂದ ಬಾಯಿ ತೆರೆಯಲಿ? “ಇವತ್ತು ಮೋಡ” ಎನ್ನಲೇ?

ನಿನಗೆ ಏಳರ ಕೆಳಗೆ ಯಾರೂ ಇಲ್ಲ ಎಂದು ಬರೆದೆ. ನೀನು ನಂಬುವುದಿಲ್ಲ ಎಂದುಕೊಂಡೆ. ಬಾಯಲ್ಲಿ ಬೇಡ ಎಂದವನ ತಟ್ಟೆಗೂ ಬಡಿಸುತ್ತಾರಲ್ಲ, ಹಾಗೆ ನೀನು ಆರನ್ನೇ ಸುತ್ತುತ್ತೀಯ ಎಂದುಕೊಂಡೆ. ಡಬ್ಬಿ ಹಾಕಿದ ದಿನದಿಂದ ಅವನಿಲ್ಲ. ಒಂದು ದಿನ, ಎರಡು ದಿನ, ವಾರ. ಸುರುಳಿ ಮೂರೋ ಆರೋ ಎಂದು ನಿನ್ನನ್ನು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಒಪ್ಪಿಕೊಂಡಂತೆ. ಡಬ್ಬಿ ತೆಗೆದಿಟ್ಟು ಕೇಳಿದರೆ ಗೋಪುರ ರಿಸೀವರ್ ಸುಡುತ್ತದೆ. ಡಬ್ಬಿ ಬಿಚ್ಚಿ ನೋಡಲು ಒಂದು ಬೆಸುಗೆ ಕಡ್ಡಿ, ಐದು ನಿಮಿಷ ಸಾಕು. ಬಿಚ್ಚಲಿಲ್ಲ. ಯಾಕೆ ಗೊತ್ತೇ? ಬಿಚ್ಚಿ ಒಳಗೆ ಆರು ಕಂಡರೆ, ಅವನು ನಿಜವಾಗಿಯೂ ನನ್ನನ್ನು ಕರೆಯುವುದು ಬಿಟ್ಟ ಎಂದು ಖಾತ್ರಿಯಾಗುತ್ತಿತ್ತು. ಮುಚ್ಚಿದಷ್ಟು ದಿನ ತಪ್ಪನ್ನು ಡಬ್ಬಿಯ ಮೇಲೆ ಹಾಕಿಕೊಂಡು ಮಲಗಬಹುದು.

ಆಮೇಲೆ ನಿನ್ನ ಕಾಗದ ಬಂತು, ಎಲ್ಲರೂ ಕ್ಷೇಮ ಎಂದು.

ಏಪ್ರಿಲ್ 6ರ ಬೆಳಗ್ಗೆ ನಾನೇ ಕರೆದೆ. ಹುಟ್ಟಿದ ಮೇಲೆ ಮೊದಲ ಸಲ ಅವನಿಗಿಂತ ಮುಂಚೆ ನಾನು ಕರೆದದ್ದು. ಮೂರು ಸಲ ಕರೆದೆ, ಪ್ರತಿ ಸಲವೂ ಕಾದೆ. ಇರುವೆಯ ಸದ್ದೂ ಇಲ್ಲ. “ಸರಿ” ಎಂದು ಒತ್ತಿ ಎದ್ದೆ. ಅದೇ ಅವನ ಉತ್ತರ ಎಂದುಕೊಂಡೆ. ನಿನಗೆ ಆ ಕಾಗದ ಬರೆದೆ. ಅಲ್ಲಿಂದ ಮುಂದೆ ಐದೂವರೆಗೆ ರಿಸೀವರ್ ಹಾಕಲೇ ಇಲ್ಲ.

ಮೊನ್ನೆ ಭಾನುವಾರ ಡಬ್ಬಿ ಬಿಚ್ಚಿದೆ. ಮೇಣವನ್ನು ಬಿಸಿನೀರಲ್ಲಿ ಕರಗಿಸಿದೆ. ಮೂರು.

ಒಂದೇ ಪ್ರಶ್ನೆ. ಏಪ್ರಿಲ್ 6ರಂದು ಅವನು ಸೆಟ್ಟಿನ ಮುಂದೆ ಇದ್ದನೇ? ಇರಲಿಲ್ಲ, ಆಸ್ಪತ್ರೆಯಲ್ಲಿದ್ದ ಎಂದು ಬರೆದರೆ ನನಗೆ ಹಗುರವಾಗುತ್ತದೆ. ಅದಕ್ಕೋಸ್ಕರ ಬರೆಯಬೇಡ. ಇದ್ದದ್ದನ್ನೇ ಬರೆ.

ದೊಡ್ಡಪ್ಪ


ಜೂನ್ 24

ದೊಡ್ಡಪ್ಪ,

ಇದ್ದರು.

ನಿಮ್ಮ ಕಾಗದ ಬಂದ ದಿನ ಲಾಗ್ ಪುಸ್ತಕ ತೆರೆದೆ. ಅದನ್ನು ಬರೆಯುವ ಮುಂಚೆ ನನ್ನದೂ ಒಂದು ಹೇಳುವುದಿದೆ.

ಜನವರಿಯಲ್ಲಿ ನಿಮ್ಮ ಉತ್ತರ ಬರುವ ಮೊದಲೇ ನಾನು ಸುರುಳಿ ಸುತ್ತಲು ಆರು ಕೊಳವೆ ಕತ್ತರಿಸಿ, ಉಜ್ಜಿ, ತೂತು ಹಾಕಿ ಸಿದ್ಧ ಮಾಡಿಕೊಂಡಿದ್ದೆ. ಆರೇ ಬೇಕು ಎನ್ನುತ್ತೀರಿ ಎಂದು ಅಷ್ಟು ನಂಬಿಕೆ. ಏಳರ ಕೆಳಗೆ ಯಾರೂ ಇಲ್ಲ ಎಂಬ ಸಾಲು ಓದಿದ ದಿನ ಅಪ್ಪ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಮಹಡಿ ಹತ್ತಿ ನಿಮ್ಮನ್ನು ಕರೆದಿದ್ದರು. ನನಗೆ ಉರಿದುಹೋಯಿತು. ಮೂರು ಕೊಳವೆ ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಮೇಸ್ತ್ರಿ ನೋಡಿ, “ಹಾಳಾಗಿದ್ಯಾ?” ಎಂದರು. ಬೇಡವಂತೆ ಎಂದೆ. ನೀವು ಬರೆದದ್ದು ಸುಳ್ಳು ಎಂದು ನನಗೆ ಹೊಳೆಯಲಿಲ್ಲ ಎನ್ನಲಾರೆ. ಸುಳ್ಳಾದರೆ ಅನುಭವಿಸಲಿ ಎಂದುಕೊಂಡೆ. ಅನುಭವಿಸುವವರು ಯಾರು ಎಂದು ಯೋಚಿಸಲಿಲ್ಲ.

ಏಪ್ರಿಲ್ 6ರ ಬೆಳಗ್ಗೆ ಕೀಲಿಯ ಸದ್ದು ಮುಕ್ಕಾಲು ಗಂಟೆ ನಿಲ್ಲಲಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಮಲಗಿಕೊಂಡೇ ಕೇಳಿದೆ, ನೋವಿಗೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡೆ. ಒಳಗೆ ಹೋದಾಗ ದಿಂಬಿಲ್ಲದೆ ನೆಟ್ಟಗೆ ಕೂತಿದ್ದರು. “ನಿಮ್ಮ ದೊಡ್ಡಪ್ಪ ಕರೆದ ಕಣೇ. ಅವನದೇ ಕೈ” ಎಂದರು. ಹಿಂದಿನ ದಿನವಷ್ಟೇ ಡಾಕ್ಟರು ಹೊಸ ಇಂಜೆಕ್ಷನ್ ಶುರು ಮಾಡಿದ್ದರು, ಇಲ್ಲದ್ದೆಲ್ಲ ಕಂಡೀತು, ಕೇಳಿಸೀತು ಎಂದಿದ್ದರು. ನಾನು ಅಪ್ಪನಿಗೆ “ಹೌದಾ” ಎಂದೆ. ಮಗುವಿಗೆ ಅನ್ನುತ್ತಾರಲ್ಲ, ಹಾಗೆ. ಅವರಿಗೆ ಗೊತ್ತಾಯಿತು. ಮತ್ತೆ ಆ ಮಾತು ಎತ್ತಲಿಲ್ಲ. ಎರಡು ದಿನ ಬಿಟ್ಟು, “ಅಣ್ಣನಿಗೆ ನನ್ನದು ಮುಟ್ತಾ ಇಲ್ಲ. ಸೆಟ್ಟಿನ ಶಕ್ತಿ ಸ್ವಲ್ಪ ಜಾಸ್ತಿ ಮಾಡಿಕೊಡ್ತೀಯಾ?” ಎಂದು ಕೇಳಿದರು. ಆಯ್ತಪ್ಪ ಎಂದೆ. ಮಾಡಲಿಲ್ಲ. ಇಲ್ಲದ ಕರೆಗೆ ಯಾತರ ಶಕ್ತಿ ಎಂದುಕೊಂಡೆ. ಮಾಡಿದ್ದರೂ ನನ್ನ ಡಬ್ಬಿಯನ್ನು ಅದು ದಾಟುತ್ತಿರಲಿಲ್ಲ. ಆ ಡಬ್ಬಿ ಅಷ್ಟು ಚೆನ್ನಾಗಿದೆ.

ನಿಮ್ಮ ಏಪ್ರಿಲಿನ ಕಾಗದದಲ್ಲಿ ಒಂದು ಪ್ರಾಸವೂ ಇರಲಿಲ್ಲ. ಅದನ್ನಾದರೂ ನೋಡಿ ಅನುಮಾನ ಪಡಬೇಕಿತ್ತು.

ಲಾಗ್ ಪುಸ್ತಕದಲ್ಲಿ ಇರುವುದನ್ನು ಇದ್ದ ಹಾಗೆ ಇಳಿಸಿದ್ದೇನೆ. ಅಕ್ಷರ ಓರೆಯಾಗಿದೆ, ಆದರೆ ಓದಬಹುದು.

“ಏಪ್ರಿಲ್ 6. ಬೆಳಗ್ಗೆ 5:34. ಅಣ್ಣ ಕರೆದ. ಸ್ಪಷ್ಟ. ಕೈ ಸ್ವಲ್ಪ ನಡುಗುತ್ತಿದೆ, ವಯಸ್ಸಾಯಿತು.

5:36. ಕಳಿಸಿದ್ದು: ಅಣ್ಣಾ, ಇದ್ದೇನೆ. ಅಮ್ಮನ ವಿಷಯ ನಿನಗೆ ಹೇಳಬೇಕಿತ್ತು. ಮಾತು ಕೊಟ್ಟಿದ್ದೆ, ಮುರಿಯಬೇಕಿತ್ತು. ತಪ್ಪು ನನ್ನದು. ಈಗ ನನಗೂ ಕಾಯಿಲೆ, ಬೇಸಿಗೆ ದಾಟುವುದಿಲ್ಲವಂತೆ. ಈ ಸಲ ಹೇಳುತ್ತಿದ್ದೇನೆ. ಬಾ.

5:43. ಅಣ್ಣ ಮತ್ತೆ ಕರೆದ. ನನ್ನದು ಕೇಳಿಸಿಲ್ಲ. ಅದನ್ನೇ ಮತ್ತೆ ಕಳಿಸಿದೆ.

5:52. ಮತ್ತೆ ಕರೆದ. ಮತ್ತೆ ಕಳಿಸಿದೆ, ನಿಧಾನವಾಗಿ.

6:01. ಅಣ್ಣ ‘ಸರಿ’ ಅಂದ. ನಿಲ್ಲಿಸಿದ.

6:20ರವರೆಗೆ ಕಳಿಸಿದೆ.”

ಅದರ ಕೆಳಗೆ, ಒಂಬತ್ತು ವರ್ಷದಲ್ಲಿ ಆ ದಿನ ಮಾತ್ರ, “ಉತ್ತರವಿಲ್ಲ” ಎಂದು ಬರೆದಿಲ್ಲ.

ಗುಬ್ಬಿ


ಜುಲೈ 5

ಗುಬ್ಬಿಗೆ,

ನೀನು ಸುತ್ತಿದ್ದು ನಾನು ಬರೆದಷ್ಟೇ. ಸುರುಳಿ ನಿನ್ನದಿರಬಹುದು, ಸಾಲು ನನ್ನದು. ಬುಟ್ಟಿಗೆ ಬಿದ್ದ ಮೂರು ಕೊಳವೆಯನ್ನು ಇನ್ನು ಮೇಲೆ ನೀನು ಹೊರಬೇಡ. ನಾನು ಬೆಳೆದ ಮನೆಯಲ್ಲಿ ನಾವು ಅಣ್ಣತಮ್ಮ ಇಬ್ಬರೂ ಅಷ್ಟೆ, ಮಾತನ್ನು ಬಚ್ಚಿಟ್ಟುಕೊಂಡು ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟವರು. ಅದು ನಿನಗೂ ಅಂಟಿದೆ. ಬಿಡಿಸಿಕೋ.

ನಾಡಿದ್ದು ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನಿನ್ನ ಅಮ್ಮನಿಗೆ ಹೇಳು, ಈ ಸಲ ಕೂರುತ್ತೇನೆ ಎಂದು.

ಹವ್ಯಾಸಿ ರೇಡಿಯೊದವರಲ್ಲಿ ಒಂದು ಕ್ರಮವಿದೆ. ಗಾಳಿಯಲ್ಲಿ ಇಬ್ಬರು ಮಾತಾಡಿಕೊಂಡರೆ ಆಮೇಲೆ ಅಂಚೆಯಲ್ಲಿ ಒಬ್ಬರಿಗೊಬ್ಬರು ಕಾರ್ಡು ಕಳಿಸಬೇಕು. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಚೆನ್ನಾಗಿ ಕೇಳಿಸಿತು ಎಂದು. ಕೇಳಿಸದೆ ಕಾರ್ಡು ಬರೆಯುವುದು ಮೋಸ. ನಲವತ್ತು ವರ್ಷದಲ್ಲಿ ನಾನು ಅಂಥದ್ದೊಂದು ಬರೆದಿಲ್ಲ, ಈಗಲೂ ಬರೆದಿಲ್ಲ. ಇದರ ಜೊತೆಗಿರುವುದನ್ನು ಲಾಗ್ ಪುಸ್ತಕದ ಆ ಪುಟದಲ್ಲಿ ಇಡು.

ನಿನ್ನ ದೊಡ್ಡಪ್ಪ


(ಕಾರ್ಡು)

ಯಾರಿಗೆ: ತಮ್ಮನಿಗೆ
ದಿನ: ಏಪ್ರಿಲ್ 6
ಹೊತ್ತು: ಬೆಳಗ್ಗೆ 5:36ರಿಂದ 6:20
ಎಲ್ಲಿ: 1.8
ಕೇಳಿಸಿದ ಬಗೆ: ಕೇಳಿಸಲಿಲ್ಲ. ಓದಿದೆ.

ಅಣ್ಣ